ಮಧುರ ಭಕ್ಷ್ಯಗಳ ಶುದ್ಧಿಗಾಗಿ ನಡೆದ ಪ್ರಯತ್ನಗಳು

ಷಟ್‌ಸ್ಥಲಸಿದ್ಧಾಂತದಲ್ಲಿ ಮೂರನೆಯದಾದ ಪ್ರಸಾದಿಸ್ಥಲಕ್ಕೆ ಅವಧಾನಭಕ್ತಿಯು ಲಕ್ಷಣವೆಂದು ಹಿರಿಯರು ನಿರ್ಣಯಿಸಿರುವರು. ಭಕ್ತಸ್ಥಲಕ್ಕೆ ಶ್ರದ್ಧೆ, ಮಾಹೇಶ್ವರಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ ಎಂದು ಕ್ರಮವು ನಡೆದಿರುವುದು. ಅನ್ನಪಾನಗಳ ವಿಷಯವು ಬಂದೊಡನೆಯೇ ಶಾಸ್ತ್ರವು ಎಚ್ಚರಿಕೆಯನ್ನು ಹೇಳಿದುದು ಅಕಾರಣವಲ್ಲ. ಭಕ್ತನು ತನ್ನ ಕೈಗೆ ಬಂದ ಪದಾರ್ಥವನ್ನು ಇಷ್ಟಲಿಂಗಕ್ಕೆ ಅರ್ಪಿಸಿ, ಆ ಬಳಿಕ ಅದನ್ನು ಪ್ರಸಾದವೆಂದು ಸ್ವೀಕರಿಸತಕ್ಕವನು. ಆ ಪದಾರ್ಥವು ಏನು, ಎಲ್ಲಿಂದ ಬಂದಿತು, ಯಾವ ಜೀವಕ್ಕೆ ನೋವನ್ನುಂಟುಮಾಡಿ ಬಂದಿತು ಎಂಬುದನ್ನು ವಿಚಾರಿಸದೆ ಹೋದರೆ ಅರ್ಪಣವು ಕೈಯ ಕ್ರಿಯೆಯಾದೀತೇ ಹೊರತು ಮನಸ್ಸಿನ ಕ್ರಿಯೆಯಾಗಲಾರದು. ಸಕಲ ಪ್ರಾಣಿಗಳಲ್ಲಿಯೂ ದಯೆಯಿರಬೇಕೆಂಬುದು ಬಸವಾದಿ ಶರಣರ ಉಪದೇಶದ ಸಾರ. ಆ ದಯೆಗೆ ಊಟದ ಎಡೆಯಲ್ಲಿ ಕಣ್ಣಾಗಿ ನಿಲ್ಲುವುದೇ ಅವಧಾನವು.

ಹಿಂದಿನ ಕಾಲದಲ್ಲಿ ಈ ಅವಧಾನವು ಸುಲಭಸಾಧ್ಯವಾಗಿದ್ದಿತು. ಜಾತ್ರೆಯ ದಾಸೋಹಕ್ಕೆ ಗೋದಿಯ ಹುಗ್ಗಿಯಾಗಲಿ ಮಾದಲಿಯಾಗಲಿ ಆಗಬೇಕಾದರೆ ಗೋದಿಯು ಭಕ್ತರ ಹೊಲದ್ದು, ಬೆಲ್ಲವು ನೆರೆಯ ಆಲೆಮನೆಯದು, ತುಪ್ಪವು ಮನೆಮನೆಗಳಿಂದ ಬಂದುದು. ಪಂಕ್ತಿಯಲ್ಲಿ ಕುಳಿತವನಿಗೆ ತನ್ನ ಎಲೆಯ ಮೇಲಿನ ಸಿಹಿಯ ಹುಟ್ಟು ಕಣ್ಣೆದುರಿಗೇ ಇದ್ದಿತು. ಯಂತ್ರಾಲಯದ ಸಕ್ಕರೆ, ಡಬ್ಬಿಯಲ್ಲಿ ತುಂಬಿದ ಕೊಬ್ಬು, ಪೇಟೆಯ ಮಿಠಾಯಿ, ಕಾಗದದಲ್ಲಿ ಸುತ್ತಿದ ಚಾಕೊಲೇಟು ಇವು ಬಂದ ಮೇಲೆ ಆ ಹುಟ್ಟು ಕಣ್ಮರೆಯಾಯಿತು. ತಿನ್ನುವವನಿಗೂ ತಯಾರಿಸುವವನಿಗೂ ನಡುವೆ ಎಷ್ಟೋ ವೇಳೆ ಸಮುದ್ರಗಳೇ ಬಂದು ನಿಂತವು. ಹೀಗೆ ಮರೆಯಾದುದನ್ನು ಮರಳಿ ಬೆಳಕಿಗೆ ತರಲು ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ನಾನಾ ದೇಶಗಳ ನಾನಾ ಮತದ ಜನರು ಮಾಡಿದ ಪ್ರಯತ್ನಗಳ ವೃತ್ತಾಂತವೇ ಇಲ್ಲಿ ನಿರೂಪಿಸತಕ್ಕ ವಿಷಯವು.

ವೃತ್ತಾಂತಕ್ಕೆ ಮೊದಲು ಒಂದು ವಿವೇಚನೆಯು ಆವಶ್ಯಕ. ಶಾಸ್ತ್ರಜ್ಞರು ಪ್ರತಿಯೊಂದು ಕಾರ್ಯಕ್ಕೂ ಉಪಾದಾನಕಾರಣ, ನಿಮಿತ್ತಕಾರಣ ಎಂಬ ಭೇದವನ್ನು ಹೇಳುವರು. ಗಡಿಗೆಗೆ ಮಣ್ಣು ಉಪಾದಾನ. ಕುಂಬಾರನ ಚಕ್ರ, ದಂಡಗಳು ನಿಮಿತ್ತ. ಮಣ್ಣು ಗಡಿಗೆಯಲ್ಲಿ ಉಳಿಯುವುದು, ಚಕ್ರವು ಉಳಿಯದು. ಪ್ರಾಣಿಜನ್ಯ ದ್ರವ್ಯವು ಸಿಹಿತಿಂಡಿಯ ಸಂಬಂಧವನ್ನು ಪಡೆಯುವುದೂ ಈ ಎರಡು ದಾರಿಗಳಿಂದಲೇ. ಎಲುಬು ತೊಗಲುಗಳನ್ನು ಬೇಯಿಸಿ ತೆಗೆದ ಜೆಲಟಿನ್ ಎಂಬ ಅಂಟು, ದನದ ಕೊಬ್ಬು, ಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ತೆಗೆದ ಕೆಂಬಣ್ಣ ಇವು ಉಪಾದಾನಗಳು. ಸಕ್ಕರೆಯನ್ನು ಬೆಳ್ಳಗೆ ಮಾಡುವ ಎಲುಬಿನ ಇದ್ದಿಲು, ಬೆಳ್ಳಿಯ ರೇಕನ್ನು ಬಡಿಯಲು ಬಳಸುವ ಎತ್ತಿನ ಕರುಳಿನ ಪೊರೆ ಇವು ನಿಮಿತ್ತಗಳು. ಮೊದಲನೆಯ ಬಗೆಯನ್ನು ಪರೀಕ್ಷೆಯಿಂದಾದರೂ ಕಂಡುಹಿಡಿಯಬಹುದು. ಎರಡನೆಯದು ತಯಾರಿಸಿದವನು ಹೇಳಿದ ಹೊರತು ತಿಳಿಯುವುದು ದುಸ್ತರ. ಆದುದರಿಂದ ಈ ಹೋರಾಟವು ಮೇಲುನೋಟಕ್ಕೆ ವರ್ಜನದ ಹೋರಾಟವಾಗಿ ಕಂಡರೂ ವಸ್ತುತಃ ತಯಾರಿಸುವವನ ಬಾಯಿಂದ ಸತ್ಯವನ್ನು ಹೊರಡಿಸುವ ಹೋರಾಟವೇ ಆಗಿರುವುದು.

ಮೊದಲು ಸಕ್ಕರೆಯ ವಿಚಾರ. ಯೂರೋಪಿನ ಸಕ್ಕರೆಯ ಶೋಧನಾಲಯಗಳಲ್ಲಿ ಪಾಕದ ಕಲ್ಮಷವನ್ನು ತೆಗೆಯಲು ಎತ್ತಿನ ರಕ್ತವನ್ನು ಹಾಕುವ ರೂಢಿಯು ಬಹುಕಾಲ ನಡೆದಿದ್ದಿತು. ಕಾದ ಪಾಕದಲ್ಲಿ ರಕ್ತವು ಹೆಪ್ಪುಗಟ್ಟಿ ಕೊಳೆಯನ್ನು ಹಿಡಿದುಕೊಂಡು ಮೇಲಕ್ಕೆ ಬರುತ್ತಿದ್ದಿತು. 1811ನೆಯ ಇಸವಿಯಲ್ಲಿ ಫ್ರಾನ್ಸ್ ದೇಶದ ಫಿಗಿಯೇ ಎಂಬ ರಸಾಯನಜ್ಞನು ಎಲುಬಿನ ಇದ್ದಿಲಿಗೆ ಬಣ್ಣವನ್ನು ಹೀರುವ ಶಕ್ತಿಯು ಕಟ್ಟಿಗೆಯ ಇದ್ದಿಲಿಗಿಂತ ಹೆಚ್ಚೆಂದು ತೋರಿಸಿದನು. ಮರುವರ್ಷವೇ ದೆರೋನ್ ಎಂಬವನು ಅದನ್ನು ಸಕ್ಕರೆಯ ಶೋಧನಕ್ಕೆ ಬಳಸಿದನು. ಕಂದುಬಣ್ಣದ ರಸವನ್ನು ಎಲುಬಿನ ಇದ್ದಿಲಿನ ಮೂಲಕ ಸೋಸಿದರೆ ತಿಳಿಯಾಗಿ ಇಳಿಯುವುದು. ಇದ್ದಿಲು ಸಕ್ಕರೆಯಲ್ಲಿ ಉಳಿಯದು. ಅದರ ಕೆಲಸವು ಮಾತ್ರ ಬಿಳುಪಾಗಿ ಉಳಿಯುವುದು. ನಿಮಿತ್ತಕಾರಣಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ದೊರೆಯದು.

ಭರತಖಂಡದಲ್ಲಿಯಾದರೋ ಸಕ್ಕರೆಯ ಶೋಧನಕ್ಕೆ ಸಸ್ಯಗಳೇ ಸಾಧನಗಳಾಗಿದ್ದವು. ಉತ್ತರದೇಶದ ಖಂಡಸಾರಿಯವರು ಕಬ್ಬಿನ ರಸವು ಕುದಿಯುವಾಗ ಬೆಂಡೆಯ ಜಾತಿಯ ಗಿಡಗಳ ಲೋಳೆಯನ್ನು ಹಾಕಿ ಕೊಳೆಯನ್ನು ಎತ್ತುತ್ತಿದ್ದರು. ಬಳಿಕ ಸಕ್ಕರೆಯ ರಾಶಿಯ ಮೇಲೆ ಕೆರೆಹೊಳೆಗಳ ನೀರುಪಾಚಿಯನ್ನು ಹಾಸುತ್ತಿದ್ದರು. ಪಾಚಿಯಿಂದ ಮೆಲ್ಲಮೆಲ್ಲನೆ ಇಳಿಯುವ ತೇವವು ಕಾಕಂಬಿಯನ್ನು ತೊಳೆದು ಸಕ್ಕರೆಯನ್ನು ಬೆಳ್ಳಗೆ ಮಾಡುತ್ತಿದ್ದಿತು. ಕನ್ನಡನಾಡಿನ ಮನೆಗಳಲ್ಲಿ ಸಕ್ಕರೆಯ ಪಾಕಕ್ಕೆ ತುಸು ಹಾಲನ್ನು ಬಿಟ್ಟು ಕೊಳೆಯನ್ನು ತೆಗೆಯುವ ಪದ್ಧತಿಯನ್ನು ಗೃಹಿಣಿಯರೆಲ್ಲರೂ ಬಲ್ಲರು. ಜೀವವಧೆಯಿಲ್ಲದೆ ಶುದ್ಧಿಯನ್ನು ಸಾಧಿಸುವ ಜಾಣ್ಮೆಯು ಈ ನೆಲದಲ್ಲಿ ಹಿಂದಿನಿಂದಲೇ ಇದ್ದಿತೆಂಬುದು ಇದರಿಂದ ವ್ಯಕ್ತವಾಗುವುದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾರಿಷಸ್, ಜಾವಾ ದ್ವೀಪಗಳ ಕಬ್ಬಿನ ಸಕ್ಕರೆಯೂ ಜರ್ಮನಿ, ಆಸ್ಟ್ರಿಯಾ ದೇಶಗಳ ಬೀಟ್‌ಗೆಡ್ಡೆಯ ಸಕ್ಕರೆಯೂ ಇಲ್ಲಿಯ ಪೇಟೆಗಳನ್ನು ತುಂಬತೊಡಗಿದವು. ಆಯಾ ಸರ್ಕಾರಗಳ ಸಹಾಯಧನದಿಂದ ಅಗ್ಗವಾಗಿ ಬರುತ್ತಿದ್ದ ಬೀಟ್ ಸಕ್ಕರೆಯ ಮೇಲೆ 1899ರಲ್ಲಿ ಹಿಂದುಸ್ಥಾನದ ಸರ್ಕಾರವೇ ಪ್ರತಿಸುಂಕವನ್ನು ಹಾಕಬೇಕಾಯಿತು. ಈ ಸಕ್ಕರೆಯು ದನದ ಎಲುಬಿನಿಂದಲೂ ರಕ್ತದಿಂದಲೂ ಶೋಧಿಸಲ್ಪಟ್ಟುದೆಂಬ ಮಾತು ಊರೂರಿಗೂ ಹಬ್ಬಿತು. 1905ನೆಯ ಆಗಸ್ಟ್ 7ರಂದು ಕಲ್ಕತ್ತೆಯಲ್ಲಿ ಬಹಿಷ್ಕಾರದ ನಿರ್ಣಯವಾದ ಮೇಲೆ ವಿಲಾಯಿತಿ ಬಟ್ಟೆಯೊಡನೆ ಪರದೇಶದ ಉಪ್ಪು, ಸಕ್ಕರೆಗಳೂ ವರ್ಜ್ಯವಸ್ತುಗಳ ಸಾಲಿಗೆ ಸೇರಿದವು. ಅದೇ ಸೆಪ್ಟೆಂಬರ್ 28ರ ಮಹಾಲಯದ ದಿನ ಕಾಳಿಘಟ್ಟದ ದೇವಾಲಯದಲ್ಲಿ ಬಹು ಜನರು ಸ್ವದೇಶೀ ಪ್ರತಿಜ್ಞೆಯನ್ನು ಕೈಕೊಂಡರು. ರಾಜಕಾರ್ಯವು ಧರ್ಮಕಾರ್ಯದ ಉಡುಪನ್ನು ಧರಿಸಿತು. ಮಿಠಾಯಿಯ ಅಂಗಡಿಯೂ ಸ್ವದೇಶೀ ವ್ರತದ ಪರೀಕ್ಷೆಗೆ ಒಳಗಾಯಿತು.

ಈ ಚಳವಳಿಯನ್ನು ತೂಗಿ ನೋಡುವಲ್ಲಿ ನ್ಯಾಯದೃಷ್ಟಿಯು ಬೇಕು. ಆಮದಾದ ಸಕ್ಕರೆಯೆಲ್ಲವೂ ಎಲುಬಿನ ಇದ್ದಿಲಿನಿಂದ ಶೋಧಿಸಿದುದಾಗಿರಲಿಲ್ಲ. ಜಾವಾದ ಯಂತ್ರಾಲಯಗಳಲ್ಲಿ ಸುಣ್ಣ, ಇಂಗಾಲಾಮ್ಲ ವಾಯು, ಗಂಧಕದ ಹೊಗೆ ಇವುಗಳಿಂದಲೇ ಬಿಳಿಯ ಸಕ್ಕರೆಯನ್ನು ತೆಗೆಯುವ ಕ್ರಮವು ಬೆಳೆದಿದ್ದಿತು. ಆದರೆ ಕೊಳ್ಳುವವನಿಗೆ ಈ ಚೀಲವು ಯಾವ ಬಗೆಯದು, ಆ ಚೀಲವು ಯಾವ ಬಗೆಯದು ಎಂದು ತಿಳಿಯುವ ಉಪಾಯವಿರಲಿಲ್ಲ. ತಯಾರಿಸುವವನು ಮೌನವಾಗಿದ್ದಲ್ಲಿ ವದಂತಿಯು ಮಾತನಾಡುವುದು ಲೋಕರೂಢಿ. ಆದುದರಿಂದ ದೋಷವುಳ್ಳದ್ದೂ ದೋಷವಿಲ್ಲದ್ದೂ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟವು.

ವರ್ಜನದಿಂದ ಮಾತ್ರವೇ ಈ ಪ್ರಶ್ನೆಯು ಪರಿಹಾರವಾಗಲಿಲ್ಲವೆಂಬುದೂ ಗಮನಾರ್ಹ. ಪ್ರತಿಜ್ಞೆಯ ಬಿಸಿ ಆರಿದ ಮೇಲೆಯೂ ಜಾವಾದ ಸಕ್ಕರೆಯು ಬರುತ್ತಲೇ ಇದ್ದಿತು. 1932ರಲ್ಲಿ ಸಕ್ಕರೆಯ ಉದ್ಯಮಕ್ಕೆ ರಕ್ಷಣೆಯನ್ನು ಕೊಡುವ ಶಾಸನವಾದ ಬಳಿಕ ಕೆಲವೇ ವರ್ಷಗಳಲ್ಲಿ ದೇಶದೊಳಗೆ ಕಾರ್ಖಾನೆಗಳು ಎದ್ದವು. ಮೈಸೂರು ಸೀಮೆಯಲ್ಲಿ ಕೃಷ್ಣರಾಜಸಾಗರದ ನಾಲೆಯ ನೀರು ಹರಿದ ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ಭಾರತದ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಸುಣ್ಣ ಮತ್ತು ಗಂಧಕದ ಹೊಗೆಯಿಂದ ರಸವನ್ನು ತಿಳಿಗೊಳಿಸುವರು; ಅಲ್ಲಿ ಎಲುಬಿನ ಇದ್ದಿಲಿಗೆ ಎಡೆಯಿಲ್ಲ. ಹೀಗೆ ಪ್ರತಿಜ್ಞೆಯು ತೆರೆದ ಬಾಗಿಲನ್ನು ಉದ್ಯೋಗವು ದಾಟಿಸಿತು. ಬೇಡವೆನ್ನುವವನು ಬೇಕಾದುದನ್ನು ಸಿದ್ಧಮಾಡಿಕೊಟ್ಟಾಗಲೇ ವ್ರತವು ನಿಲ್ಲುವುದೆಂಬ ಮೊದಲನೆಯ ಪಾಠವನ್ನು ಸಕ್ಕರೆಯ ಇತಿಹಾಸದಿಂದ ಕಲಿಯಬಹುದು.

ಆಹಾರದ ಮೂಲವನ್ನು ವಿಚಾರಿಸುವ ಧರ್ಮಬುದ್ಧಿಯು ಭರತಖಂಡಕ್ಕೆ ಮಾತ್ರ ಸೇರಿದುದಲ್ಲ. ಯೆಹೂದ್ಯರಲ್ಲಿಯೂ ಭಕ್ಷ್ಯಾಭಕ್ಷ್ಯಗಳ ಕಟ್ಟಳೆಯು ಬಹು ಸೂಕ್ಷ್ಮವಾದುದು. ಮಾಂಸವು ಅವರಿಗೆ ಪೂರ್ತಿಯಾಗಿ ವರ್ಜ್ಯವಲ್ಲವಾದರೂ ವಿಧಿಪ್ರಕಾರವಾಗಿ ಸಿದ್ಧವಾಗದ ಪ್ರಾಣಿಯ ಅಂಶವು ಯಾವ ಪದಾರ್ಥದಲ್ಲಿಯೂ ಇರಬಾರದು. ಅಮೇರಿಕದ ಅಟ್ಲಾಂಟಾ ನಗರದಲ್ಲಿ ಟೋಬಿಯಾಸ್ ಗೆಫನ್ ಎಂಬ ಧರ್ಮಗುರುವಿದ್ದನು. ಲಿಥುವೇನಿಯಾ ದೇಶದಲ್ಲಿ ಹುಟ್ಟಿ ಶಾಸ್ತ್ರಾಭ್ಯಾಸ ಮಾಡಿದವನಾತ. ಅದೇ ನಗರದಲ್ಲಿ ತಯಾರಾಗುತ್ತಿದ್ದ ಕೋಕಾ-ಕೋಲಾ ಎಂಬ ಸಿಹಿಪಾನೀಯವನ್ನು ಕುಡಿಯಬಹುದೇ ಎಂದು ದೂರದೂರದ ಧರ್ಮಗುರುಗಳು ಆತನನ್ನು ಕೇಳತೊಡಗಿದರು. ಪಾನೀಯದ ಪಾಕವಾದರೋ ಕಂಪನಿಯ ಗೋಪ್ಯ. ಗೆಫನ್ ಅದನ್ನು ಬಹಿರಂಗಪಡಿಸುವುದಿಲ್ಲವೆಂದು ಒಪ್ಪಿ, ಕೂಡಿದ ದ್ರವ್ಯಗಳ ಪಟ್ಟಿಯನ್ನು ಪಡೆದು ಪರಿಶೀಲಿಸಿದನು. ಅದರಲ್ಲಿ ಪ್ರಾಣಿಯ ಕೊಬ್ಬಿನಿಂದ ತೆಗೆದ ಗ್ಲಿಸರಿನ್ ಎಂಬ ದ್ರವವಿರುವುದು ತಿಳಿಯಬಂದಿತು.

ಆ ದ್ರವದ ಪ್ರಮಾಣವು ಸಾವಿರಕ್ಕೆ ಒಂದು ಭಾಗದಷ್ಟು ಮಾತ್ರ. ಅರುವತ್ತರಲ್ಲಿ ಒಂದು ಪಾಲಿಗಿಂತ ಕಡಮೆಯಾದ ವರ್ಜ್ಯವಸ್ತುವು ಅಕಸ್ಮಾತ್ತಾಗಿ ಬಿದ್ದರೆ ಅದು ಇಲ್ಲದಂತೆಯೇ ಎಣಿಸಬಹುದೆಂದು ಯೆಹೂದ್ಯರ ಶಾಸ್ತ್ರವು ಹೇಳುವುದು. ಆದರೆ ಗೆಫನ್ ಕೊಟ್ಟ ನಿರ್ಣಯವು ಬೇರೆ. ಇದು ಅಕಸ್ಮಾತ್ತಾಗಿ ಬಿದ್ದುದಲ್ಲ, ಬುದ್ಧಿಪೂರ್ವಕವಾಗಿ ಸೇರಿಸಿದುದು. ಆದುದರಿಂದ ಅಳತೆಯ ಅಲ್ಪತ್ವವು ದೋಷವನ್ನು ಕಳೆಯಲಾರದೆಂದು ಆತನು ತೀರ್ಮಾನಿಸಿದನು. ಕಂಪನಿಯವರು ಕೊಬ್ಬಿನ ಗ್ಲಿಸರಿನ್ನಿಗೆ ಬದಲಾಗಿ ಸಸ್ಯದ ಎಣ್ಣೆಯಿಂದ ತೆಗೆದುದನ್ನು ಬಳಸಲು ಒಪ್ಪಿದರು. 1935ರಲ್ಲಿ ಆತನು ತನ್ನ ಸಮ್ಮತಿಯನ್ನು ಬರೆದು ಪ್ರಕಟಿಸಿದನು. ಕೊಟ್ಟ ಮಾತಿಗೆ ತಪ್ಪದೆ ಆ ಬರಹದಲ್ಲಿಯೂ ದ್ರವ್ಯಗಳ ನಿಜವಾದ ಹೆಸರುಗಳನ್ನು ಬಿಟ್ಟು ಸಂಕೇತನಾಮಗಳನ್ನೇ ಬಳಸಿದನು. ಕೂಗಾಟವಿಲ್ಲದೆ, ಬಹಿಷ್ಕಾರವಿಲ್ಲದೆ, ಒಬ್ಬ ಶಾಸ್ತ್ರಜ್ಞನ ಪ್ರಶ್ನೆ ಮತ್ತು ಪ್ರಾಮಾಣಿಕತೆಗಳಿಂದ ಒಂದು ದೊಡ್ಡ ಉದ್ಯಮದ ಪಾಕವೇ ಬದಲಾಯಿತು. ಅಲ್ಪವಾದರೂ ತಿಳಿದು ಸೇರಿಸಿದುದು ಸೇರಿಸಿದುದೇ ಎಂಬ ಆ ನಿರ್ಣಯವು ಮುಂದೆ ಭಾರತದ ನ್ಯಾಯಾಲಯವೊಂದರಲ್ಲಿಯೂ ಬೇರೊಂದು ರೀತಿಯಿಂದ ಕೇಳಿಬರುವುದನ್ನು ಕಾಣಬಹುದು.

ಮರಳಿ ಭರತಖಂಡಕ್ಕೆ ಬಂದರೆ, 1930ರ ದಶಕದಿಂದ ಇಲ್ಲಿ ವನಸ್ಪತಿಯೆಂಬ ಗಟ್ಟಿಗೊಳಿಸಿದ ಎಣ್ಣೆಯು ತುಪ್ಪದ ಸ್ಥಾನಕ್ಕೆ ಬರತೊಡಗಿತು. ಬೆಲೆಯು ಕಡಮೆ, ಬಹುದಿನ ಕೆಡದು. ಆದುದರಿಂದ ಜಿಲೇಬಿ, ಬಾದುಷಾ, ಮೈಸೂರುಪಾಕು ಮೊದಲಾದುವನ್ನು ಮಾಡುವ ಮಿಠಾಯಿಗಾರರಿಗೆ ಅದು ಬಹು ಅನುಕೂಲವಾಯಿತು. ವನಸ್ಪತಿಯೆಂಬ ಹೆಸರೇ ಸಸ್ಯಮೂಲವನ್ನು ಸಾರುವುದು. ಹೀಗಿರಲು 1983ರಲ್ಲಿ ಹೊರದೇಶದಿಂದ ತಂದ ದನದ ಕೊಬ್ಬನ್ನು ವನಸ್ಪತಿಯಲ್ಲಿ ಬೆರಸುತ್ತಿದ್ದರೆಂಬ ಸಂಗತಿಯು ಬಯಲಾಯಿತು. ಸಾಬೂನು ಮೊದಲಾದ ಉದ್ಯಮಗಳಿಗೆಂದು ಬರುತ್ತಿದ್ದ ವಸ್ತುವು ದಾರಿ ತಪ್ಪಿ ಅಡಿಗೆಯ ಮನೆಯನ್ನು ಸೇರಿದ್ದಿತು. ದೇಶದಲ್ಲೆಲ್ಲ ಕೋಲಾಹಲವೆದ್ದಿತು. ಲೋಕಸಭೆಯಲ್ಲಿ ಚರ್ಚೆಗಳಾದವು. ಸರ್ಕಾರವು ಆ ಕೊಬ್ಬಿನ ಆಮದನ್ನು ನಿಷೇಧಿಸಿತು. ಇಲ್ಲಿ ದೋಷವು ಉಪಾದಾನದಲ್ಲಿಯೇ ಇದ್ದಿತಲ್ಲದೆ ಅದಕ್ಕೆ ವಂಚನೆಯೂ ಸೇರಿಕೊಂಡಿದ್ದಿತು. ತಿಳಿಯದೆ ತಿಂದವರ ಮನಸ್ಸಿಗೆ ಆದ ನೋವು ಅಪಾರ. ಹೆಸರು ಒಂದು, ಒಳಗಿನ ವಸ್ತು ಇನ್ನೊಂದು ಆದಾಗ ಭಕ್ತನ ಅವಧಾನವೂ ನಿಷ್ಫಲವಾಗುವುದು.

ಇಂತಹ ಪ್ರಸಂಗಗಳಿಂದಲೂ ಅಹಿಂಸಾವಾದಿ ಸಂಸ್ಥೆಗಳ ಒತ್ತಾಯದಿಂದಲೂ ಪೊಟ್ಟಣದ ಮೇಲೆಯೇ ಗುರುತಿರಬೇಕೆಂಬ ಬೇಡಿಕೆಯು ಬಲವಾಯಿತು. ಇದಕ್ಕಾಗಿ ದುಡಿದವರಲ್ಲಿ ಪುಣೆಯ ‘ಬ್ಯೂಟಿ ವಿದೌಟ್ ಕ್ರುಯೆಲ್ಟಿ’ ಎಂಬ ಸಂಸ್ಥೆಯು ಗಣ್ಯವಾದುದು. 2001ರಲ್ಲಿ ಆಹಾರ ಕಲಬೆರಕೆ ತಡೆಯ ನಿಯಮಗಳಿಗೆ ತಿದ್ದುಪಡಿಗಳಾಗಿ, ಪ್ರಾಣಿಜನ್ಯ ಅಂಶವುಳ್ಳ ಪೊಟ್ಟಣದ ಆಹಾರಕ್ಕೆ ಕಂದುಬಣ್ಣದ ಗುರುತನ್ನೂ ಸಸ್ಯಾಹಾರಕ್ಕೆ ಚೌಕದೊಳಗಣ ಹಸುರು ಚುಕ್ಕೆಯನ್ನೂ ಹಾಕತಕ್ಕದ್ದೆಂದು ವಿಧಿಯಾಯಿತು. 2020ರ ನಿಯಮಾವಳಿಯಲ್ಲಿ ಕಂದು ಚುಕ್ಕೆಯ ಬದಲಿಗೆ ಕಂದು ತ್ರಿಕೋಣವು ಬಂದಿತು. ಬಣ್ಣಗಳ ಭೇದವನ್ನು ಕಾಣಲಾರದವರಿಗೂ ಆಕಾರದಿಂದಲೇ ತಿಳಿಯುವಂತಾಯಿತು. ಓದುಬರಹ ಬಾರದ ಮುದುಕಿಯೂ ಅಂಗಡಿಯಲ್ಲಿ ಪೊಟ್ಟಣವನ್ನು ತಿರುಗಿಸಿ ನೋಡಿ ಮೊಮ್ಮಗನಿಗೆ ಕೊಡಬಹುದೇ ಕೂಡದೇ ಎಂದು ನಿರ್ಣಯಿಸುವ ಶಕ್ತಿಯನ್ನು ಈ ಸಣ್ಣ ಚುಕ್ಕೆಯು ಕೊಟ್ಟಿರುವುದು.

ಮುಂದಿನ ಪ್ರಸಂಗವು ಇಂಗ್ಲೆಂಡಿನದು. ಅಲ್ಲಿ 1847ರಲ್ಲಿಯೇ ಸಸ್ಯಾಹಾರಿಗಳ ಸಂಘವು ಹುಟ್ಟಿದ್ದಿತು. ಯುವಕನಾಗಿದ್ದ ಗಾಂಧಿಯವರು ವ್ಯಾಸಂಗಕ್ಕೆಂದು ಹೋಗಿದ್ದಾಗ ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಕಾರೀ ಸಮಿತಿಯಲ್ಲಿ ಸೇವೆ ಮಾಡಿದ್ದರೆಂಬುದು ಪ್ರಸಿದ್ಧವೇ ಇದೆ. ಆ ದೇಶದಲ್ಲಿ 2007ನೆಯ ಮೇ ತಿಂಗಳಲ್ಲಿ ಮಾರ್ಸ್, ಸ್ನಿಕರ್ಸ್, ಟ್ವಿಕ್ಸ್ ಮೊದಲಾದ ಚಾಕೊಲೇಟುಗಳ ತಯಾರಕರಾದ ಮಾಸ್ಟರ್‌ಫುಡ್ಸ್ ಕಂಪನಿಯವರು, ತಮ್ಮ ಕೆಲವು ಚಾಕೊಲೇಟುಗಳಿಗೆ ಬಳಸುವ ಹಾಲಿನ ಪುಡಿಯಲ್ಲಿ ಇನ್ನು ಮುಂದೆ ಪ್ರಾಣಿಮೂಲದ ರೆನೆಟ್ಟಿನ ಸಂಬಂಧವಿರಬಹುದೆಂದು ತಿಳಿಸಿದರು. ಹಾಲು ಕುಡಿಯುವ ಎಳೆಗರುವನ್ನು ಕೊಂದು ಅದರ ಜಠರದಿಂದ ತೆಗೆಯುವ ಹೆಪ್ಪೇ ರೆನೆಟ್ ಎಂಬುದು. ಅದರಿಂದ ಹಾಲನ್ನು ಒಡೆದು ಚೀಸನ್ನು ಮಾಡುವರು. ಉಳಿದ ನೀರನ್ನು ಒಣಗಿಸಿದ ಪುಡಿಯು ಚಾಕೊಲೇಟನ್ನು ಸೇರುವುದು. ಚಾಕೊಲೇಟಿನಲ್ಲಿ ಕರುವಿನ ಅಂಶವನ್ನು ಹುಡುಕಿದರೆ ಸಿಕ್ಕುವುದೇ ಕಷ್ಟ. ಆದರೆ ಕರುವಿನ ಮರಣವು ಅದಕ್ಕೆ ನಿಮಿತ್ತವಾಗಿರುವುದು.

ಸಸ್ಯಾಹಾರಿ ಸಂಘದವರು ಸುಮ್ಮನಿರಲಿಲ್ಲ. ಒಂದೆರಡು ವಾರಗಳೊಳಗೆ ಸುಮಾರು 6,000 ಜನರು ಕಂಪನಿಗೆ ತಮ್ಮ ಅಸಮ್ಮತಿಯನ್ನು ತಿಳಿಸಿದರು. ಪಾರ್ಲಿಮೆಂಟಿನ 40 ಮಂದಿ ಸದಸ್ಯರು ಮನವಿಗೆ ಸಹಿ ಹಾಕಿದರು. ಆ ತಿಂಗಳು ಮುಗಿಯುವುದರೊಳಗಾಗಿ ಕಂಪನಿಯವರು ತಮ್ಮ ನಿರ್ಧಾರವು ತಪ್ಪಾಯಿತೆಂದು ಒಪ್ಪಿಕೊಂಡು ಸಸ್ಯಾಹಾರಿಗಳಿಗೆ ಯೋಗ್ಯವಾದ ಪದಾರ್ಥವನ್ನೇ ಬಳಸುವುದಾಗಿ ಸಾರಿದರು. ಹೀಗೆ ಬೇಗನೆ ಜಯವು ದೊರೆತುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದಾಗಿ, ಕಂಪನಿಯವರೇ ಬಾಯಿಬಿಟ್ಟು ಹೇಳಿದುದರಿಂದ ವದಂತಿಗೆ ಎಡೆಯಿರಲಿಲ್ಲ. ವಾದವು ಸತ್ಯದ ಮೇಲೆಯೇ ನಡೆಯಿತು. ಎರಡನೆಯದಾಗಿ, ಬದಲಿ ವಸ್ತುವು ಸಿದ್ಧವಾಗಿದ್ದಿತು. ಕರುವಿನ ಜಠರದ ಹೆಪ್ಪಿನಲ್ಲಿರುವ ಸತ್ತ್ವವನ್ನೇ ಸೂಕ್ಷ್ಮಜೀವಿಗಳಿಂದ ಹುದುಗುಕ್ರಮದಲ್ಲಿ ತಯಾರಿಸುವ ವಿದ್ಯೆಗೆ 1990ರಲ್ಲಿ ಅಮೇರಿಕದ ಸರ್ಕಾರವು ಒಪ್ಪಿಗೆಯನ್ನು ಕೊಟ್ಟಿದ್ದಿತು. ಸಕ್ಕರೆಯ ಇತಿಹಾಸದಲ್ಲಿ ಕಂಡ ಪಾಠವೇ ಇಲ್ಲಿಯೂ ಸಿದ್ಧವಾಯಿತು. ವಂಗದೇಶದ ರಸಗುಲ್ಲಾ, ಸಂದೇಶಗಳಿಗೆ ಬೇಕಾದ ಛೇನಾವನ್ನು ಹುಳಿಯಿಂದಲೇ ಒಡೆಯುವುದರಿಂದ ಈ ದೋಷವು ಅವುಗಳಿಗೆ ಮೊದಲಿನಿಂದಲೂ ತಟ್ಟಲಿಲ್ಲವೆಂಬುದನ್ನು ಇಲ್ಲಿ ಸ್ಮರಿಸಬಹುದು.

ಇಂಗ್ಲೆಂಡಿನ ಜನರು ಕರುವಿನ ಹೆಪ್ಪಿನ ವಿಷಯದಲ್ಲಿ ಎಬ್ಬಿಸಿದ ಪ್ರಶ್ನೆಯನ್ನೇ ಭಾರತದ ಜೈನರೂ ಇತರ ಅಹಿಂಸಾವ್ರತಿಗಳೂ ಬೆಳ್ಳಿಯ ರೇಕಿನ ವಿಷಯದಲ್ಲಿ ಬಹುಕಾಲದಿಂದ ಕೇಳುತ್ತ ಬಂದಿದ್ದರು. ಉತ್ತರದೇಶದಲ್ಲಿ ವರಕ್ ಎಂದು ಕರೆಯುವ ಈ ರೇಕನ್ನು ಗೋಡಂಬಿಯ ಬರ್ಫಿಯ ಮೇಲೆಯೂ, ದೇವತಾಮೂರ್ತಿಗಳ ಅಲಂಕಾರಕ್ಕೂ ಬಳಸುವರು. ಕನ್ನಡನಾಡಿನ ಪೇಟೆಗಳ ಮಿಠಾಯಿಯಲ್ಲಿಯೂ ಅದರ ಹೊಳಪನ್ನು ಕಾಣಬಹುದು. ಇದನ್ನು ತಯಾರಿಸುವ ಹಳೆಯ ಕ್ರಮವು ಹೀಗೆ: ಎತ್ತಿನ ಕರುಳಿನಿಂದ ತೆಗೆದ ತೆಳುವಾದ ಪೊರೆಗಳನ್ನು ಪುಸ್ತಕದಂತೆ ಜೋಡಿಸಿ, ಹಾಳೆಹಾಳೆಯ ನಡುವೆ ಬೆಳ್ಳಿಯ ತುಣುಕನ್ನಿಟ್ಟು, ಆ ಪುಸ್ತಕವನ್ನು ತೊಗಲಿನ ಚೀಲದಲ್ಲಿ ಸೇರಿಸಿ, ಗಂಟೆಗಟ್ಟಲೆ ಸುತ್ತಿಗೆಯಿಂದ ಬಡಿಯುವರು. ಪೊರೆಯು ಹರಿಯದೆ ಬಾಗುವ ಗುಣವುಳ್ಳುದರಿಂದ ಬೆಳ್ಳಿಯು ಉಸಿರಿಗೆ ಹಾರುವಷ್ಟು ತೆಳುವಾಗಿ ಹರಡುವುದು. ಬೆಳ್ಳಿಯು ಶುದ್ಧ, ಮಿಠಾಯಿಯು ಶುದ್ಧ. ನಡುವಣ ಪುಸ್ತಕವು ಮಾತ್ರ ಹಿಂಸೆಯಿಂದ ಹುಟ್ಟಿದುದು.

ಈ ಸಂಗತಿಯನ್ನು ಮೇಲೆ ಹೇಳಿದ ಪುಣೆಯ ಸಂಸ್ಥೆಯವರೂ ಮೇನಕಾ ಗಾಂಧಿಯವರೇ ಮೊದಲಾದವರೂ ಲೇಖನಗಳಿಂದ ಪ್ರಚುರಪಡಿಸಿದರು. ಜೈನರಲ್ಲಿ ಅನೇಕರು ರೇಕಿಲ್ಲದ ಮಿಠಾಯಿಯನ್ನೇ ಕೊಳ್ಳುವ ನಿಯಮವನ್ನು ಹಿಡಿದರು. ಮಿಠಾಯಿಯ ಮೇಲೆ ಹಸುರು ಚುಕ್ಕೆಯಿದ್ದ ಮಾತ್ರದಿಂದ ಈ ದೋಷವು ತಿಳಿಯುವಂತಿರಲಿಲ್ಲ. ಏಕೆಂದರೆ ಚುಕ್ಕೆಯು ಉಪಾದಾನವನ್ನು ಕುರಿತುದು, ಕರುಳಿನ ಪುಸ್ತಕವಾದರೋ ನಿಮಿತ್ತವು. ಕೊನೆಗೆ 2016ರಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ರೇಕಿನ ಲಕ್ಷಣಕ್ಕೆ ಹೊಸದೊಂದು ಮಾತನ್ನು ಸೇರಿಸಿತು. ಬೆಳ್ಳಿಯು ಸಾವಿರಕ್ಕೆ 999 ಪಾಲು ಶುದ್ಧವಾಗಿರಬೇಕು, ಒಂದು ಚದರ ಮೀಟರಿನ ರೇಕಿನ ತೂಕವು 2.8 ಗ್ರಾಮನ್ನು ಮೀರಬಾರದು ಎಂಬ ಕಟ್ಟಳೆಗಳೊಡನೆ, ತಯಾರಿಕೆಯ ಯಾವ ಹಂತದಲ್ಲಿಯೂ ಪ್ರಾಣಿಮೂಲದ ವಸ್ತುವನ್ನು ಬಳಸಕೂಡದೆಂಬುದೂ ವಿಧಿಯಾಯಿತು. ಯಾವ ಹಂತದಲ್ಲಿಯೂ ಎಂಬ ಈ ಪದಗಳೇ ಇತಿಹಾಸದೃಷ್ಟಿಯಿಂದ ಮುಖ್ಯವಾದುವು. ಕಣ್ಣಿಗೆ ಕಾಣದ ನಿಮಿತ್ತಕಾರಣವನ್ನೂ ರಾಜಶಾಸನವು ಗಣನೆಗೆ ತಂದಿತು.

ಆದರೆ ಈ ಜಯದ ಇನ್ನೊಂದು ಮುಖವನ್ನು ಮರೆಯುವುದು ಧರ್ಮವಾಗದು. ಜಯಪುರದಲ್ಲಿ ಪನ್ನಿಗಾರರೆಂಬ ಮುಸಲ್ಮಾನ ಕುಶಲಕರ್ಮಿಗಳ ಕೇರಿಯೇ ಉಂಟು. ಲಕ್ನೋ, ಕಾಶಿ, ಹೈದರಾಬಾದುಗಳಲ್ಲಿಯೂ ತಲೆಮಾರುಗಳಿಂದ ರೇಕನ್ನು ಬಡಿದು ಜೀವಿಸುವ ಕುಟುಂಬಗಳಿದ್ದವು. ದೇವಾಲಯದ ಮೂರ್ತಿಗೆ ಹೊಳಪನ್ನಿತ್ತುದು ಅವರ ತೋಳಿನ ಬಲವೇ. ಅವರು ಯಾರನ್ನೂ ವಂಚಿಸಿದವರಲ್ಲ. ಹಿರಿಯರು ಕಲಿಸಿದ ಕಾಯಕವನ್ನು ಮಾಡಿದವರು. ವಿಶೇಷವಾಗಿ ಸಿದ್ಧಪಡಿಸಿದ ಕಾಗದದ ಹಾಳೆಗಳೂ ಯಂತ್ರಗಳೂ ಬಂದಾಗ ಬಂಡವಾಳವುಳ್ಳವರು ಅವುಗಳಿಗೆ ತಿರುಗಿಕೊಂಡರು. ಸುತ್ತಿಗೆಯೊಂದೇ ಆಸ್ತಿಯಾಗಿದ್ದವನಿಗೆ ಅದು ಸುಲಭವಾಗಿರಲಿಲ್ಲ. ಪಶುವಿನ ಮೇಲೆ ದಯೆ ತೋರಿದವರು ಆ ಕುಶಲಕರ್ಮಿಯ ಮೇಲೆಯೂ ದಯೆ ತೋರತಕ್ಕದ್ದಲ್ಲವೇ? ಶಿವಾಚಾರವು ಮನುಷ್ಯರಲ್ಲಿ ಭೇದವನ್ನೆಣಿಸದು. ಸದಾಚಾರವು ಪ್ರಾಮಾಣಿಕ ಕಾಯಕವನ್ನು ಗೌರವಿಸುವುದು. ಆಹಾರಶುದ್ಧಿಯ ಮಾತು ಒಂದು ಜನಾಂಗದ ಮೇಲಣ ದೂಷಣೆಯಾಗಿ ತಿರುಗಿದರೆ ಎಲೆಯ ಮೇಲಿನ ಅನ್ನವು ಶುದ್ಧವಾಗಿ ಮನಸ್ಸು ಮೈಲಿಗೆಯಾದಂತಾಗುವುದು. ಹೊಸ ಹಾಳೆಯನ್ನೂ ಹೊಸ ಸಾಧನವನ್ನೂ ಆತನ ಕೈಗೆ ಮುಟ್ಟಿಸುವುದೇ ಇಂತಹ ಹೋರಾಟಕ್ಕೆ ಯೋಗ್ಯವಾದ ಮುಕ್ತಾಯವು.

ಈ ಪರಂಪರೆಯಲ್ಲಿ ಕಡೆಯದಾಗಿ ಹೇಳತಕ್ಕುದು 2021ನೆಯ ಡಿಸೆಂಬರ್ 9ರಂದು ದೆಹಲಿಯ ಉಚ್ಚ ನ್ಯಾಯಾಲಯವು ಕೊಟ್ಟ ಆದೇಶವು. ಪೊಟ್ಟಣಗಳ ಮೇಲೆ ದ್ರವ್ಯಗಳನ್ನು ಸಂಕೇತಸಂಖ್ಯೆಗಳಿಂದ ಸೂಚಿಸುವ ವಾಡಿಕೆಯುಂಟು. 120 ಎಂದರೆ ಕೊಚಿನೀಲ್ ಕೀಟದ ಬಣ್ಣ, 904 ಎಂದರೆ ಅರಗಿನ ಹುಳುವಿನಿಂದ ಬರುವ ಮೆರುಗು ಎಂದು ಸಾಮಾನ್ಯನಿಗೆ ತಿಳಿಯುವ ಬಗೆ ಹೇಗೆ? ಸಂಖ್ಯೆಯನ್ನು ಮಾತ್ರ ಬರೆದರೆ ಸಾಲದು, ಆ ದ್ರವ್ಯವು ಸಸ್ಯದಿಂದ ಬಂದುದೋ ಪ್ರಾಣಿಯಿಂದ ಬಂದುದೋ ಪ್ರಯೋಗಾಲಯದಲ್ಲಿ ತಯಾರಾದುದೋ ಎಂಬುದನ್ನೂ ತಿಳಿಸತಕ್ಕದ್ದು, ಅದರ ಪ್ರಮಾಣವು ಎಷ್ಟೇ ಅಲ್ಪವಾಗಿರಲಿ ಎಂದು ನ್ಯಾಯಾಲಯವು ವಿಧಿಸಿತು. ತಾನು ಏನನ್ನು ತಿನ್ನುತ್ತಿರುವೆನೆಂಬುದನ್ನು ಅರಿಯುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂದೂ, ಅದು ಸಂವಿಧಾನದ 21 ಮತ್ತು 25ನೆಯ ವಿಧಿಗಳಿಗೆ ಸೇರಿದುದೆಂದೂ ಅದು ಹೇಳಿತು. ಅಟ್ಲಾಂಟಾ ನಗರದ ವೃದ್ಧಗುರುವು ತನ್ನ ಶಾಸ್ತ್ರದಿಂದ ಕಂಡುದನ್ನೇ ಎಂಬತ್ತಾರು ವರ್ಷಗಳ ಬಳಿಕ ದೆಹಲಿಯ ನ್ಯಾಯಾಧೀಶರು ರಾಜ್ಯಶಾಸನದಿಂದ ಕಂಡರು. ಅಲ್ಪತ್ವವು ಮರೆಮಾಚುವುದಕ್ಕೆ ನೆಪವಾಗಲಾರದು.

ಎಲ್ಲ ಪ್ರಶ್ನೆಗಳೂ ಇದರಿಂದ ತೀರಿದವೆಂದಲ್ಲ. ಹಾಲು, ಹಾಲಿನ ಪದಾರ್ಥಗಳು, ಜೇನು, ಜೇನುಮೇಣ, ಅರಗು ಇವುಗಳನ್ನು ಭಾರತದ ನಿಯಮಗಳು ಮಾಂಸಾಹಾರದ ಲಕ್ಷಣದಿಂದ ಹೊರಗಿರಿಸಿರುವುವು. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮೊದಲಾದವರು ‘ವೀಗನ್’ ಎಂಬ ಹೊಸ ಹೆಸರಿನಿಂದ ಪ್ರಾರಂಭಿಸಿದ ಪಂಥದವರು ಹಾಲನ್ನೂ ಜೇನನ್ನೂ ವರ್ಜಿಸುವರು. ಧಾರವಾಡದ ಪೇಡೆ, ಬೆಳಗಾವಿಯ ಕುಂದಾಗಳನ್ನು ಪ್ರೀತಿಯಿಂದ ಹಂಚುವ ನಾಡಿಗೆ ಆ ನಿಯಮವು ಕಠಿಣವಾಗಿ ತೋರಬಹುದು. ಆದರೂ ಹಸುವಿನ ಕರುವಿಗೆ ಹಾಲು ಉಳಿಯಿತೇ, ಹಾಲು ಬತ್ತಿದ ಹಸುವಿನ ಗತಿಯೇನಾಯಿತು ಎಂಬ ಅವರ ಪ್ರಶ್ನೆಯು ಗೋವನ್ನು ಪೂಜಿಸುವವರೇ ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆಯಾಗಿರುವುದು. ಜೆಲಟಿನ್ನಿನ ವಿಷಯದಲ್ಲಿಯಾದರೋ ತೊಡಕಿಲ್ಲ. ಸಮುದ್ರದ ಪಾಚಿಯಿಂದ ಬರುವ ಅಗರ್, ಎಂದರೆ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ದೊರೆಯುವ ವಸ್ತುವೂ, ಹಣ್ಣುಗಳ ಸಿಪ್ಪೆಯಿಂದ ಬರುವ ಪೆಕ್ಟಿನ್ ಎಂಬುದೂ ಆ ಕೆಲಸವನ್ನು ಮಾಡಬಲ್ಲುವು.

ಈ ನೂರಿಪ್ಪತ್ತು ವರ್ಷಗಳ ವೃತ್ತಾಂತದಿಂದ ನಿಷ್ಪನ್ನವಾಗುವ ಅರ್ಥವು ಇಷ್ಟು. ಸಂಶಯದಿಂದ ಪ್ರಾರಂಭವಾದ ಹೋರಾಟವು ಪ್ರಶ್ನೆಯಾಗಿ, ಪ್ರಶ್ನೆಯು ಉತ್ತರವನ್ನು ಪಡೆದು, ಉತ್ತರವು ಶಾಸನವಾಗಿ ನಿಂತಿತು. ವದಂತಿಯನ್ನು ನಂಬಿದಲ್ಲಿ ನಿರ್ದೋಷಿಗೂ ಪೆಟ್ಟು ತಾಗಿತು. ನಿಜವನ್ನು ಕೇಳಿ ತಿಳಿದಲ್ಲಿ ದೋಷವು ತಾನಾಗಿಯೇ ಹಿಂದೆ ಸರಿಯಿತು. ಪ್ರಸಾದಿಸ್ಥಲದ ಅವಧಾನವೆಂದರೆ ಇದೇ. ದಾಸೋಹದ ಉಗ್ರಾಣಕ್ಕೆ ಸಕ್ಕರೆ, ಎಣ್ಣೆ, ತುಪ್ಪಗಳನ್ನು ತರುವ ಭಕ್ತನು ಬೆಲೆಯನ್ನು ವಿಚಾರಿಸುವಂತೆಯೇ ಮೂಲವನ್ನೂ ವಿಚಾರಿಸಲಿ. ಮಿಠಾಯಿಯನ್ನು ಕಾಣಿಕೆಯಾಗಿ ಅರ್ಪಿಸುವವನು ಅದರ ಮೇಲಿನ ರೇಕು ಯಾವ ಬಗೆಯದೆಂದು ಮಾರುವವನನ್ನು ವಿನಯದಿಂದ ಕೇಳಲಿ. ಮಹೋತ್ಸವದ ಪಂಕ್ತಿಯಲ್ಲಿ ಕುಳಿತ ಮಗುವು ಇದರಲ್ಲಿ ಏನಿದೆ ಎಂದು ಕೇಳಿದಾಗ ಬಡಿಸುವವನು ಮುಚ್ಚುಮರೆಯಿಲ್ಲದೆ ಉತ್ತರವನ್ನು ಕೊಡುವಂತಾದರೆ ಆ ಸಿಹಿಯು ಲಿಂಗಾರ್ಪಣಕ್ಕೆ ಯೋಗ್ಯವಾದ ಸಿಹಿಯಾಗುವುದು.